ಧೈರ್ಯದ ಜೊತೆ ಬ್ಲೀಚಿಂಗ್ ನೀರೂ ಬೇಕು

ಮಾನ್ಯ ಸಂಪಾದಕರೇ,

ಎಬೋಲಾ ಅನ್ನುವ ಮಾರಕ ಅಂಟುಜ್ವರದ ಕಾಲದಲ್ಲಿ ಆಫ್ರಿಕಾದಲ್ಲಿ ದುಡಿದ ಕ್ರೈಸ್ತ ಮಿಷನರಿ ವೈದ್ಯರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅದಕ್ಕೆ ಬಂದ ಪತ್ರಗಳನ್ನೂ ಓದಿದೆ. ಒಬ್ಬರು ಅವರನ್ನು ದೇವರು ಅಂದಿದ್ದಾರೆ. ಇನ್ನೊಬ್ಬರು, ಅವರು ಹೋಗಿದ್ದೇ ಮತಾಂತರಕ್ಕೆ ಅಂದಿದ್ದಾರೆ. ನಾನು 31 ವರ್ಷ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದವಳು, ನಿವೃತ್ತಿಗೆ ಮುಂಚಿನ ಎರಡು ವರ್ಷ ಕೋವಿಡ್ ವಾರ್ಡಿನಲ್ಲೇ ಕಳೆದೆ. ಈ ಎರಡೂ ಮಾತಿನಲ್ಲಿ ಬಿಟ್ಟುಹೋದದ್ದೊಂದಿದೆ, ಅದಕ್ಕೇ ಈ ಪತ್ರ.

ಲೇಖನದಲ್ಲಿ ಅಮೆರಿಕದ ಡಾ. ಕೆಂಟ್ ಬ್ರಾಂಟ್ಲಿ ಅವರ ಕಥೆ ವಿವರವಾಗಿ ಬಂದಿದೆ. 2014ರ ಜುಲೈನಲ್ಲಿ ಲೈಬೀರಿಯಾದ ಮನ್ರೋವಿಯಾದಲ್ಲಿ, ಎಲ್ವಾ ಅನ್ನುವ ಮಿಷನ್ ಆಸ್ಪತ್ರೆಯಲ್ಲಿ ಎಬೋಲಾ ರೋಗಿಗಳನ್ನು ನೋಡುತ್ತಿದ್ದ ಅವರಿಗೇ ಜ್ವರ ಬಂತು. ಅವರ ಜೊತೆಗೇ ಕಾಯಿಲೆ ಬಿದ್ದ ನಾನ್ಸಿ ರೈಟ್‌ಬೋಲ್ ಬಗ್ಗೆ ಮಾತ್ರ ಒಂದೇ ಸಾಲು. ಆಕೆ ಡಾಕ್ಟರ್ ಅಲ್ಲ. ರೋಗಿಗಳ ವಾರ್ಡಿಗೆ ಹೋಗಿ ಬರುವ ಡಾಕ್ಟರು, ನರ್ಸುಗಳ ಮೈಮೇಲಿನ ಸೂಟಿಗೆ ಕ್ರಿಮಿನಾಶಕ ಸಿಂಪಡಿಸಿ, ಅವರು ಸೋಂಕು ಅಂಟಿಸಿಕೊಳ್ಳದೆ ಹೊರಗೆ ಬರುವಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ನಮ್ಮ ಕಡೆ ದವಾಖಾನೆಗಳಲ್ಲಿ ಇಂಥ ಕೆಲಸ ಮಾಡುವವರು ಆಯಾಗಳು, ವಾರ್ಡ್ ಬಾಯ್‌ಗಳು. ಅವರ ಫೋಟೋ ಪೇಪರಿನಲ್ಲಿ ಬರೋದಿಲ್ಲ.

ಆ ಕೆಲಸ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿದೆ. ಪಿಪಿಇ ಕಿಟ್ ಹಾಕಿಕೊಳ್ಳುವಾಗ ಭಯ ಇರೋದಿಲ್ಲ, ತೆಗೆಯುವಾಗ ಇರುತ್ತದೆ. ಬಾಗಲಕೋಟೆಯ ಮೇ ತಿಂಗಳ ಬಿಸಿಲಲ್ಲಿ ಆರು ತಾಸು ಅದರೊಳಗೆ ಬೆವರಿ, ಕಣ್ಣಿಗೆ ಉಪ್ಪುನೀರು ಇಳಿದು, ಯಾವಾಗ ಕಿತ್ತೊಗೆದೇನೋ ಅನ್ನಿಸುತ್ತಿರುವಾಗ ಕೈ ತಾನಾಗೇ ಮುಖದ ಕಡೆ ಹೋಗುತ್ತದೆ. ನಮ್ಮ ವಾರ್ಡಿನ ಆಯಾ ಒಬ್ಬಳು ದಿನಾ ನನ್ನ ಎದುರಿಗೆ ನಿಂತು, 'ಸಿಸ್ಟರ್, ಮುಖ ಮುಟ್ಟಬ್ಯಾಡ್ರಿ, ಮೊದಲ ಗ್ಲೌಸಿಗೆ ಸ್ಪ್ರೇ ಹೊಡೀತೀನಿ' ಅನ್ನುತ್ತಿದ್ದಳು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ನಾವು ಮಾಡೋದನ್ನು ನೋಡಿ ಕಲಿತಳು. ಮೊದಲ ತಿಂಗಳು ಅವಳಿಗೆ ಕೊಟ್ಟದ್ದು ತೆಳ್ಳನೆಯ ಒಂದು ಮಾಸ್ಕ್ ಮಾತ್ರ. ಹೊರಗುತ್ತಿಗೆಯವರಿಗೆ ಕಿಟ್ ಬಂದಿಲ್ಲ ಅಂದರು. ಆಮೇಲೆ ಅವಳಿಗೂ ಸೋಂಕು ಬಂತು. ಪುಣ್ಯಕ್ಕೆ ಉಳಿದಳು.

ಸುಮ್ನೆ ಹೊಗಳೋದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಎಬೋಲಾ ಮೊದಲು ಬೆಳಕಿಗೆ ಬಂದದ್ದು 1976ರಲ್ಲಿ. ಆಗ ಜೈರ್ ಅನ್ನುತ್ತಿದ್ದ ಈಗಿನ ಕಾಂಗೋ ದೇಶದ ಯಾಂಬುಕು ಅನ್ನುವ ಹಳ್ಳಿಯಲ್ಲಿ ಬೆಲ್ಜಿಯಂನ ಕ್ರೈಸ್ತ ಸನ್ಯಾಸಿನಿ ಸಿಸ್ಟರ್‌ಗಳು ಒಂದು ಮಿಷನ್ ದವಾಖಾನೆ ನಡೆಸುತ್ತಿದ್ದರು. ಕಾಡಿನ ನಡುವೆ, ಒಬ್ಬ ಡಾಕ್ಟರೂ ಇಲ್ಲದ ಕಡೆ, ಊರು ಮನೆ ಬಿಟ್ಟು ಬಂದು ಜನರ ಸೇವೆ ಮಾಡುತ್ತಿದ್ದ ಹೆಣ್ಣುಮಕ್ಕಳು. ಅವರ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅಲ್ಲಿ ದಿನಕ್ಕೆ ಐದೇ ಸಿರಿಂಜು. ಒಬ್ಬರಿಗೆ ಚುಚ್ಚಿದ್ದನ್ನು ಬೆಚ್ಚನೆ ನೀರಲ್ಲಿ ಅದ್ದಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ಕಾಯಿಲೆ ಆ ಸೂಜಿಗಳಿಂದ ಹರಡಿತು, ಆಮೇಲೆ ರೋಗಿಗಳ ಆರೈಕೆ ಮಾಡಿದವರಿಗೂ ಅಂಟಿತು. 318 ಮಂದಿಗೆ ಬಂತು, 280 ಮಂದಿ ಸತ್ತರು. ದವಾಖಾನೆಯ 17 ಸಿಬ್ಬಂದಿಯಲ್ಲಿ 11 ಮಂದಿ ಹೋದರು, ಸಿಸ್ಟರ್‌ಗಳೂ ಅದರಲ್ಲಿದ್ದರು. 1995ರಲ್ಲಿ ಅದೇ ದೇಶದ ಕಿಕ್ವಿಟ್‌ನಲ್ಲಿ ರೋಗಿಗಳ ಆರೈಕೆ ಮಾಡುತ್ತಾ ಇಟಲಿಯ ಆರು ಸಿಸ್ಟರ್‌ಗಳು ಸತ್ತರು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಪ್ರೀತಿಗೆ ಅವರಲ್ಲಿ ಕೊರತೆಯೇ ಇರಲಿಲ್ಲ. ಯಾಂಬುಕುವಿನಲ್ಲಿ ಸೂಜಿ ಕುದಿಸಲಿಲ್ಲ, ಅಷ್ಟೇ. ನರ್ಸ್ ಆದವರಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ.

ಇನ್ನು ಮತಾಂತರದ ಮಾತು. ಕೇಳಬಾರದ ಪ್ರಶ್ನೆ ಅಂತ ನಾನು ಹೇಳೋದಿಲ್ಲ. ನಾನು ಲಿಂಗಾಯತರ ಮನೆಯವಳು, ಟ್ರೇನಿಂಗ್ ಮಾಡಿದ್ದು ಮಿಷನ್ ದವಾಖಾನೆಯಲ್ಲಿ. ಬೆಳಿಗ್ಗೆ ಪ್ರಾರ್ಥನೆ ಇರುತ್ತಿತ್ತು, ನಾನು ವಿಭೂತಿ ಹಚ್ಚಿಕೊಂಡೇ ಹೋಗಿ ನಿಲ್ಲುತ್ತಿದ್ದೆ, ಯಾರೂ ಏನೂ ಅನ್ನಲಿಲ್ಲ. ನನ್ನ ಅನುಭವ ಇಷ್ಟು, ಬೇರೆಯವರದು ಬೇರೆ ಇರಬಹುದು. ಆದರೆ ಎಬೋಲಾ ರೋಗಿಯ ವಾಂತಿ, ಭೇದಿ, ರಕ್ತ, ಎಲ್ಲದರಲ್ಲೂ ಸೋಂಕು ಇರುತ್ತದೆ. ಸತ್ತ ಮೇಲೂ ಮೈ ತೊಳೆಯುವವರಿಗೆ ಅಂಟುತ್ತದೆ. ಅಂಥವರ ಹಾಸಿಗೆ ಬದಲಿಸಲು ನಿಂತವರನ್ನು ಮೊದಲು ಆ ಕೆಲಸಕ್ಕಾಗಿ ನೋಡೋಣ ಅಲ್ವಾ? ನಮ್ಮ ಆಯಿ ತನ್ನ ಅವ್ವನಿಂದ ಕೇಳಿದ ಪ್ಲೇಗಿನ ಕಥೆ ಹೇಳುತ್ತಿದ್ದಳು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಗಂಟು ಎದ್ದವರಿಗೆ ದೂರದಿಂದಲೇ ರೊಟ್ಟಿ ಇಟ್ಟು ಬರುತ್ತಿದ್ದರಂತೆ, ಹೆತ್ತ ಮಕ್ಕಳೂ ಹತ್ತಿರ ಹೋಗುತ್ತಿರಲಿಲ್ಲವಂತೆ. ಆ ಜನ ಕೆಟ್ಟವರಲ್ಲ. ಭಯ ಅಂಥದ್ದು. ಆ ಭಯದ ನಡುವೆ ಹತ್ತಿರ ಹೋಗುವವರು ಯಾವ ದೇವರ ಹೆಸರು ಹೇಳಿದರೂ ನನಗೆ ದೊಡ್ಡವರೇ.

ಲೇಖನದಲ್ಲಿ ಇಲ್ಲದ ಇನ್ನೊಂದು ಮಾತು. ಬ್ರಾಂಟ್ಲಿ ಮತ್ತು ನಾನ್ಸಿ ಅವರನ್ನು ಆಗಸ್ಟ್ ಮೊದಲ ವಾರದಲ್ಲಿ ವಿಶೇಷ ವಿಮಾನದಲ್ಲಿ ಅಮೆರಿಕದ ಅಟ್ಲಾಂಟಾಗೆ ಕರೆದೊಯ್ದರು, ಇಬ್ಬರೂ ಅದೇ ತಿಂಗಳು ಗುಣವಾಗಿ ಹೊರಬಂದರು. ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಹೋದ ಡಾ. ರಿಕ್ ಸಾಕ್ರಾ ಎಬೋಲಾ ವಾರ್ಡಿನಲ್ಲಿ ಇರಲೇ ಇಲ್ಲ, ಹೆರಿಗೆ ಮಾಡಿಸುತ್ತಿದ್ದರು. ಅವರಿಗೂ ಬಂತು. ಗುಣವಾಗಿ, 2015ರ ಜನವರಿಯಲ್ಲಿ ಮತ್ತೆ ಅಲ್ಲಿಗೇ ಹೋದರು! ಆದರೆ ಸಿಯೆರಾ ಲಿಯೋನ್‌ನ ಡಾ. ಶೇಖ್ ಉಮರ್ ಖಾನ್ ತಮ್ಮ ದೇಶದಲ್ಲೇ ರೋಗಿಗಳನ್ನು ನೋಡುತ್ತಾ 2014ರ ಜುಲೈ 29ರಂದು ತೀರಿಕೊಂಡರು. ಉಗಾಂಡಾದ ಲಾಕೋರ್ ಮಿಷನ್ ಆಸ್ಪತ್ರೆಯ ಡಾ. ಮ್ಯಾಥ್ಯೂ ಲುಕ್ವಿಯಾ 2000ದ ಡಿಸೆಂಬರಿನಲ್ಲಿ ಹೀಗೆಯೇ ಹೋದರು. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಹಬ್ಬಿದ ಆ ಒಂದು ಎಬೋಲಾದಲ್ಲಿ ಸತ್ತ ಆರೋಗ್ಯ ಸಿಬ್ಬಂದಿ 500ಕ್ಕೂ ಜಾಸ್ತಿ, ಹೆಚ್ಚಿನವರು ಅಲ್ಲಿಯ ನರ್ಸುಗಳು, ಆಯಾಗಳು, ಸ್ಥಳೀಯರು. ಅವರಿಗೆ ವಿಮಾನ ಬರಲಿಲ್ಲ. ನಮ್ಮ ಪಕ್ಕದ ಕೇರಳದಲ್ಲೇ 2018ರ ಮೇನಲ್ಲಿ ನಿಪಾ ರೋಗಿಯ ಆರೈಕೆ ಮಾಡಿ ಸತ್ತ ನರ್ಸ್ ಲಿನಿ ನೆನಪಿದ್ದಾರಲ್ಲ? ಎರಡು ಸಣ್ಣ ಮಕ್ಕಳ ತಾಯಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಈಗ ಎಲ್ಲ ಶಾಂತವಾಗಿದೆ, ಕಲಿಸಲು ಇದೇ ಒಳ್ಳೆಯ ಸಮಯ. ನಿಮ್ಮ ವರದಿಗಾರರನ್ನು ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳ ತಾಲೂಕು ದವಾಖಾನೆಗಳಿಗೆ ಕಳಿಸಿ. ಡಾಕ್ಟರನ್ನು ಕೇಳೋದು ಬೇಡ, ನೆಲ ಒರೆಸುವವರನ್ನು ಕೇಳಲಿ. ಕಿಟ್ ತೆಗೆಯೋದು ಹೇಗೆ ಅಂತ ಯಾರಾದರೂ ಕಲಿಸಿದ್ದಾರಾ? ಬ್ಲೀಚಿಂಗ್ ಪೌಡರ್ ಎಷ್ಟು ನೀರಿಗೆ ಎಷ್ಟು ಹಾಕಬೇಕು ಅಂತ ಗೊತ್ತಾ? ಗ್ಲೌಸ್ ಸ್ಟೋರಿನ ಕಪಾಟಿನಲ್ಲಿ ಇದೆಯಾ, ಕೈಯಲ್ಲಿ ಇದೆಯಾ? ಅವರು ಹೇಳಿದ್ದನ್ನು ಹಾಗೇ ಅಚ್ಚು ಹಾಕಿ.

ನಿವೃತ್ತ ಸ್ಟಾಫ್ ನರ್ಸ್,
ನವನಗರ, ಬಾಗಲಕೋಟೆ