ಮೆಗ್ನೀಷಿಯಂ ಮಾತ್ರೆ: ಡಬ್ಬಿಯ ಹಿಂಬದಿ ಓದಿ

ಮಾನ್ಯ ಸಂಪಾದಕರೇ,

ಟೆನ್ಷನ್‌ಗೆ, ನಿದ್ದೆಗೆ ಒಳ್ಳೆಯದೆಂದು ಮೆಗ್ನೀಷಿಯಂ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವವರು ರಾಯಚೂರಿನಲ್ಲೂ ಇದ್ದಾರೆ. ಒತ್ತಡದ ಹಾರ್ಮೋನು ಏರಿದಾಗ ಮೂತ್ರದಲ್ಲಿ ಮೆಗ್ನೀಷಿಯಂ ಹೆಚ್ಚು ಹೋಗುತ್ತದೆ, ನಿಜ. ಜೀವಕೋಶವನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಗ್ಲುಟಾಥಯೋನ್ ತಯಾರಾಗಲೂ ಅದು ಬೇಕು. ಆದರೆ ಮೆಗ್ನೀಷಿಯಂನಿಂದ ಈ ರಕ್ಷಣೆ ಸ್ಪಷ್ಟವಾಗಿ ಕಂಡಿರುವುದು ಹೆಚ್ಚಾಗಿ ಇಲಿಗಳಲ್ಲಿ. ಕೊರತೆಯಿಲ್ಲದ ಮನುಷ್ಯರಿಗೆ ಲಾಭವಿದೆ ಎನ್ನಲು ಪುರಾವೆ ಸಾಲದು.

ಎಡವುವುದು ಲೇಬಲ್ಲಿನಲ್ಲಿ. ಮಾತ್ರೆಯಲ್ಲಿರುವುದು ಬರೀ ಮೆಗ್ನೀಷಿಯಂ ಅಲ್ಲ, ಅದರ ಸಂಯುಕ್ತ. 500 ಮಿ.ಗ್ರಾಂ ಮೆಗ್ನೀಷಿಯಂ ಆಕ್ಸೈಡ್‌ನಲ್ಲಿ ಮೆಗ್ನೀಷಿಯಂ ಸುಮಾರು 300 ಮಿ.ಗ್ರಾಂ. ಅದರಲ್ಲಿ ಬಹುಪಾಲು ಕರುಳಲ್ಲೇ ಉಳಿದು, ನೀರೆಳೆದು ಭೇದಿ ಮಾಡಿಸುತ್ತದೆ. (ಬಿಸಿಲುಗಾಲದ ರಾಯಚೂರಿನಲ್ಲಿ ಭೇದಿ ಸಣ್ಣ ಮಾತಲ್ಲ.) ಅಷ್ಟೇ ತೂಕದ ಮೆಗ್ನೀಷಿಯಂ ಸಿಟ್ರೇಟ್‌ನಲ್ಲಿ ಸುಮಾರು 80 ಮಿ.ಗ್ರಾಂ ಮಾತ್ರ, ಆದರೆ ಮೈಗೆ ಹತ್ತುವುದು ಚೆನ್ನಾಗಿ. ಹಾಗಾಗಿ ‘ಎಲಿಮೆಂಟಲ್ ಮೆಗ್ನೀಷಿಯಂ’ (ಸಂಯುಕ್ತದಲ್ಲಿರುವ ಮೆಗ್ನೀಷಿಯಂನ ತೂಕ) ಎಷ್ಟೆಂದು ನೋಡಿ.

ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ನುಂಗಿದರೆ ಆ ಔಷಧಿ ಹೀರಿಕೆಯಾಗುವುದೇ ಕಡಿಮೆ. ಕಿಡ್ನಿ ತೊಂದರೆಯಿದ್ದವರು ವೈದ್ಯರು ಹೇಳದೆ ಮುಟ್ಟಲೇಬಾರದು: ಹೊರಹೋಗದ ಮೆಗ್ನೀಷಿಯಂ ರಕ್ತದಲ್ಲಿ ಏರಿ ಬಿ.ಪಿ. ಇಳಿಸುತ್ತದೆ, ಹೃದಯದ ಬಡಿತ ಕೆಡಿಸುತ್ತದೆ. ಕೊರತೆ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ದೇಹದ ಮೆಗ್ನೀಷಿಯಂನಲ್ಲಿ ರಕ್ತದಲ್ಲಿರುವುದು ಶೇ 1ಕ್ಕಿಂತ ಕಡಿಮೆ.

ಅಂದಹಾಗೆ, 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 130 ಮಿ.ಗ್ರಾಂ ಮೆಗ್ನೀಷಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 20ರ ಆಸುಪಾಸು. ರೊಟ್ಟಿ ಬಿಟ್ಟು ಎರಡು ಹೊತ್ತೂ ಅನ್ನ ಉಣ್ಣುವವರು ಮಾತ್ರೆಗೆ ಮೊದಲು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಸೊಪ್ಪಿನ ಪಲ್ಯಕ್ಕೆ ಮರಳಲಿ.

– ಓದುಗ ಔಷಧತಜ್ಞರು, ರಾಯಚೂರು