ಸ್ವತಂತ್ರ ನಿರ್ದೇಶಕರು, ಯಾರಿಂದ ಸ್ವತಂತ್ರರು?

ಮಾನ್ಯ ಸಂಪಾದಕರೇ,

ಒಂದು ಕಂಪನಿಯಲ್ಲಿ ನನ್ನದು 40 ಷೇರು ಇದೆ. ಈ ಸಲದ ವಾರ್ಷಿಕ ಸಭೆಯಲ್ಲಿ ಒಬ್ಬ ಸ್ವತಂತ್ರ ನಿರ್ದೇಶಕರನ್ನು (ಅಂದರೆ ಮಾಲೀಕರ ಹಂಗಿಲ್ಲದೆ ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂರಬೇಕಾದವರು) ಇನ್ನೂ ಐದು ವರ್ಷ ಮುಂದುವರಿಸುವ ನಿರ್ಣಯ ಇತ್ತು. ವಾರ್ಷಿಕ ವರದಿ ತೆಗೆದು ನೋಡಿದರೆ ಆಸಾಮಿ ಅರ್ಧ ಸಭೆಗಳಿಗೆ ಬಂದೇ ಇಲ್ಲ! ಆನ್‌ಲೈನ್ ಮತದಾನದ ಪುಟದಲ್ಲಿ ಒಟಿಪಿ ಹಾಕಿ, 'ವಿರೋಧ' ಒತ್ತಿದೆ. ಫಲಿತಾಂಶ ಬಂತು, ಶೇ 99ರಷ್ಟು ಪರ. ಮುಕ್ಕಾಲುಪಾಲು ಷೇರು ಮಾಲೀಕರ ಕುಟುಂಬದ ಕೈಯಲ್ಲೇ ಇದ್ದರೆ ಇನ್ನೇನಾಗುತ್ತೆ ಹೇಳಿ.

ಮಾಲೀಕರ ಮೇಲೆ ಕಣ್ಣಿಡಬೇಕಾದವರನ್ನು ಮಾಲೀಕರೇ ಆರಿಸುವುದು, ನನ್ನ ತಕರಾರು ಇಷ್ಟೇ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ನೆನಪಿದೆಯಲ್ವಾ? ಅದರ ಮಂಡಳಿಯಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಸಂಪುಟ ಕಾರ್ಯದರ್ಶಿಯಾಗಿದ್ದವರು ಇದ್ದರು. 2008ರಲ್ಲಿ ಒಳ್ಳೆಯ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ ಬಂದಿತ್ತು. ಅದೇ ಡಿಸೆಂಬರ್ 16ರಂದು, ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಕುಟುಂಬದ್ದೇ ಆದ ಎರಡು ಮೈತಾಸ್ ಕಂಪನಿಗಳನ್ನು (ಸತ್ಯಂ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಉಲ್ಟಾ ಓದಿ, ಅಷ್ಟೇ) 160 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಕ್ಕೆ ಈ ದೊಡ್ಡವರೆಲ್ಲ ಒಮ್ಮತದಿಂದ ಹೂಂ ಅಂದರು. ತಡೆದವರು ಹೂಡಿಕೆದಾರರು. ಸುದ್ದಿ ಹೊರಬಿದ್ದ ಕೂಡಲೇ ಗಲಾಟೆ ಎದ್ದಿತು, ನ್ಯೂಯಾರ್ಕಿನಲ್ಲಿ ಷೇರು ನೆಲ ಕಚ್ಚಿತು, ರಾತ್ರೋರಾತ್ರಿ ನಿರ್ಧಾರ ವಾಪಸ್. ಮೂರು ವಾರ ಕಳೆದು, 2009ರ ಜನವರಿ 7ರಂದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ರಾಜು ತಾವೇ ಪತ್ರ ಬರೆದರು. ಆಡಿಟರ್ ಹಿಡಿಯಲಿಲ್ಲ, ಮಂಡಳಿ ಹಿಡಿಯಲಿಲ್ಲ, ಕೊನೆಗೆ ಕಳ್ಳನೇ ಬಂದು ಹೇಳಬೇಕಾಯಿತು.

ಆಮೇಲೆ 2013ರಲ್ಲಿ ಹೊಸ ಕಂಪನಿ ಕಾಯ್ದೆ ಬಂತು. ಆಡಿಟರ್‌ಗಳನ್ನು ಬದಲಿಸುತ್ತಿರಬೇಕು ಅಂತಾಯಿತು, ಅದು ಒಳ್ಳೆಯದೇ. ಆದರೆ ಅದೇ ಕಾಯ್ದೆಯ 151ನೇ ಸೆಕ್ಷನ್ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಮುಖಬೆಲೆ (ಮಾರುಕಟ್ಟೆ ದರವಲ್ಲ, ಷೇರಿಗೆ ಕಂಪನಿ ನಿಗದಿ ಮಾಡಿದ ಮೂಲ ಬೆಲೆ) ಲೆಕ್ಕದಲ್ಲಿ 20,000 ರೂಪಾಯಿವರೆಗೆ ಷೇರು ಇರುವ ಸಣ್ಣವರು ತಮ್ಮದೇ ಒಬ್ಬ ನಿರ್ದೇಶಕರನ್ನು ಆರಿಸಿಕೊಳ್ಳಬಹುದು. 'ಬಹುದು' ಅಷ್ಟೇ, ಕಡ್ಡಾಯ ಅಲ್ಲ. ಅದಕ್ಕೂ 1,000 ಸಣ್ಣ ಷೇರುದಾರರು, ಇಲ್ಲವೇ ಅವರಲ್ಲಿ ಹತ್ತನೇ ಒಂದು ಪಾಲು ಜನ, ಹೆಸರು, ವಿಳಾಸ, ಷೇರಿನ ಲೆಕ್ಕ ಎಲ್ಲ ಬರೆದು ಸಭೆಗೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಮೈಸೂರಿನಲ್ಲಿ ಕೂತ ನಾನು ಉಳಿದವರನ್ನು ಎಲ್ಲಿ ಅಂತ ಹುಡುಕಲಿ?

ಮತ ಹಾಕುವುದಕ್ಕೆ ಆನ್‌ಲೈನ್ ಪುಟ ಇದೆಯಲ್ಲ, ಅದರಲ್ಲೇ ಹೆಸರು ಸೂಚಿಸುವುದಕ್ಕೂ ಒಂದು ಬಟನ್ ಕೊಡಲಿ. ಆ 'ಬಹುದು' ಅನ್ನು ಕೇಂದ್ರ ಸರ್ಕಾರ 'ಲೇಬೇಕು' ಮಾಡಲಿ.

– ಒಬ್ಬ ಸಣ್ಣ ಷೇರುದಾರ, ಮೈಸೂರು