ನಿಮ್ಮ ಪಶು ಆಹಾರದಲ್ಲಿದ್ದ ವಿಷ ನನ್ನ ಹಸುಗಳ ಹಾಲಿಗೆ ಬಂದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ಮಾನ್ಯರೇ,

ಏಳು ಸಲ ಫೋನ್ ಮಾಡಿದ್ದೇನೆ. ಏಳು ಸಲವೂ "ಮೇಲಿನವರಿಗೆ ಹೇಳ್ತೀವಿ" ಅಂದಿರಿ. ಹೋದ ಮಂಗಳವಾರದ ಮೇಲೆ ಫೋನ್ ಮಾಡುವ ಮನಸ್ಸು ಉಳಿದಿಲ್ಲ.

ಮಂಡ್ಯ ಜಿಲ್ಲೆಯವನು ನಾನು. ನಾಲ್ಕು ಹಸು ಇವೆ. ಎರಡು ವರ್ಷದಿಂದ ನಿಮ್ಮದೇ ಫೀಡ್, ಒಂದೊಂದಕ್ಕೆ ದಿನಕ್ಕೆ ನಾಲ್ಕು ಕೆಜಿ. ಹನ್ನೊಂದು ವರ್ತನೆ ಮನೆಗಳಿಗೆ ಹಾಲು ಹಾಕುತ್ತಿದ್ದೆ. ಅದರಲ್ಲೊಬ್ಬರು, ಮಗು ಕುಡಿಯುವ ಹಾಲು ಅಂತ, ಲ್ಯಾಬಿಗೆ ಕೊಟ್ಟರು. ಬೀಟಾ ಎಚ್‌ಸಿಎಚ್ ಅನ್ನೋ ಕೀಟನಾಶಕದ ವಿಷ ಸಿಕ್ಕಿತು. ನಾನು ನಂಬಲಿಲ್ಲ. ಬೋರ್ ನೀರು, ಹುಲ್ಲು, ಫೀಡ್ ಮೂರನ್ನೂ ಕಳಿಸಿದೆ. ನೀರಿನಲ್ಲಿಲ್ಲ, ಹುಲ್ಲಿನಲ್ಲಿಲ್ಲ, ಫೀಡಿನಲ್ಲಿದೆ. ಹಿಂದೆ ಹೊಲಕ್ಕೆ ಎರಚುತ್ತಿದ್ದ ಬಿಎಚ್‌ಸಿ ಪುಡಿಯ ಅಂಶ ಇದು. ದೇಶದಲ್ಲಿ 1997ರಲ್ಲೇ ನಿಷೇಧ ಆಗಿದೆ. ಆದರೆ ಮಣ್ಣಿನಿಂದ ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಫೀಡಿಗೆ ಹಾಕುವ ತೌಡು, ಹಿಂಡಿ ಕೊಳ್ಳುವಾಗ ಪರೀಕ್ಷೆ ಮಾಡಬೇಕು. ಚೀಲದ ಮೇಲೆ ಐಎಸ್ 2052 ಅಂತ ಪಶು ಆಹಾರದ ಗುಣಮಟ್ಟದ ಅಚ್ಚು ಹಾಕಿರುವವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ಮಂಗಳವಾರ ನಿಮ್ಮ ಫೀಲ್ಡ್ ಆಫೀಸರ್ ಡೀಲರ್ ಅಂಗಡಿಗೆ ಬಂದಿದ್ದರು. ರಿಪೋರ್ಟ್ ಹಿಡಿದು ಹೋದೆ. ನಮ್ಮೂರಿನ ಆರೇಳು ಜನ ಅಲ್ಲಿದ್ದರು. ಒಂದೇ ಕುರ್ಚಿ, ಅದರಲ್ಲಿ ಅವರು. ಮೊದಲ ಹಾಳೆ ನೋಡಲಿಲ್ಲ, ತಿರುಗಿಸಿ ಖಾಲಿ ಬೆನ್ನು ನೋಡಿದರು. "ಎಷ್ಟನೇ ಕ್ಲಾಸ್ ಓದಿದ್ದೀರಿ?" ಅಂದರು. ಹತ್ತು ಅಂದೆ. "ಹತ್ತು ಓದಿದವರಿಗೆ ಲ್ಯಾಬ್ ರಿಪೋರ್ಟ್ ಅರ್ಥ ಆಗುತ್ತಾ?" ಅಂದರು. ಅಷ್ಟರಲ್ಲಿ ಟೀ ಬಂತು. ಆ ಲೋಟವನ್ನು ನನ್ನ ರಿಪೋರ್ಟ್ ಮೇಲೆ ಇಟ್ಟರು. ಮೇಜಿನ ಮೇಲೆ ಬೇಕಾದಷ್ಟು ಜಾಗ ಇತ್ತು. ಕುಡಿದು ಮುಗಿಸುವ ತನಕ ನಾನು ನಿಂತೇ ಇದ್ದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹಾಲಿಗೆ ನೀರು ಹಾಕಿ ಸಿಕ್ಕಿಬಿದ್ದವರು ಹಿಂಗೇ ಕಂಪನಿ ಮೇಲೆ ಹಾಕ್ತಾರೆ" ಅಂದರು. ಯಾರೋ ನಕ್ಕರು. ಲಗತ್ತಿಸಿರುವ ಪ್ರತಿಯಲ್ಲಿ ಟೀ ಲೋಟದ ಗುರುತು ಹಾಗೇ ಇದೆ, ನೋಡಿ.

ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಮೂರು ದಿನ ಫೀಡ್ ನಿಲ್ಲಿಸಿ, ಎಲ್ಲಾ ಹೊರಟು ಹೋಗುತ್ತೆ." ಇದು ಸುಳ್ಳು. ಈ ವಿಷ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ದಿನಾ ಚೂರು ಚೂರು ತಿಂದದ್ದು ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಹಸು ಈದ ಮೇಲೆ ಮೈ ಇಳಿಯುತ್ತದಲ್ಲ, ಆಗ ಆ ಕೊಬ್ಬು ಕರಗಿ ಹಾಲಿನ ಬೆಣ್ಣೆಗೆ ಬರುತ್ತದೆ. ಫೀಡ್ ನಿಲ್ಲಿಸಿದರೂ ತಿಂಗಳುಗಟ್ಟಲೆ ಬರುತ್ತದೆ. ಇಟಲಿಯ ಸಾಕ್ಕೊ ನದಿ ಕಣಿವೆಯಲ್ಲಿ 2005ರಲ್ಲಿ ಹಸುವಿನ ಹಾಲಿನಲ್ಲಿ ಸಿಕ್ಕಿದ್ದೂ ಇದೇ ಬೀಟಾ ಎಚ್‌ಸಿಎಚ್. ಪಶು ಆಹಾರ ಮಾರುವವರಿಗೆ ಇದು ಗೊತ್ತಿರಬೇಕು. ಹಸುವಿನ ಮೈ ನಿಮ್ಮ ಚೀಲ ಅಲ್ಲ, ಕೊಡವಿ ಖಾಲಿ ಮಾಡೋಕೆ.

ನನ್ನ ಗೌರಿ ಈದು ಎರಡು ತಿಂಗಳು. ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ, ಅದಕ್ಕೆ ಬೆಳಿಗ್ಗೆ ಸಂಜೆ ಕರೆಯಲೇಬೇಕು. ಕರೆದ ನೊರೆ ಹಾಲನ್ನು ಹಿತ್ತಲ ಗುಂಡಿಗೆ ಸುರಿಯುತ್ತೇನೆ. ಅದರ ಕರುವಿಗೆ ಪಕ್ಕದ ಮನೆಯಿಂದ ಹಾಲು ಕೊಂಡು ಕುಡಿಸುತ್ತಿದ್ದೇನೆ. ಕರು ಹಗ್ಗ ಜಗ್ಗಿಕೊಂಡು ತಾಯಿ ಕಡೆಗೇ ನೋಡುತ್ತದೆ. ನನ್ನ ಹೆಂಡತಿ ಕೊಟ್ಟಿಗೆಗೆ ಬರುವುದನ್ನೇ ಬಿಟ್ಟಿದ್ದಾಳೆ.

ವಿಷ ಸಿಕ್ಕ ಫೀಡಿನ ಲಾಟ್‌ನ ಚೀಲಗಳನ್ನು ಎಲ್ಲ ಅಂಗಡಿಗಳಿಂದ ವಾಪಸ್ ತೆಗೆದುಕೊಳ್ಳಿ. ನನ್ನ ಹಾಲು ಶುದ್ಧ ಅಂತ ರಿಪೋರ್ಟ್ ಬರುವ ತನಕ ಆಗುವ ನಷ್ಟ ಕಟ್ಟಿಕೊಡಿ. ಅದೇ ಅಂಗಡಿಯಲ್ಲಿ, ಅದೇ ಜನರ ಎದುರು, ನಿಮ್ಮ ಆಫೀಸರ್ ಆಡಿದ ಮಾತು ವಾಪಸ್ ತೆಗೆದುಕೊಳ್ಳಬೇಕು.

ಹದಿನೈದು ದಿನ ಕಾಯುತ್ತೇನೆ. ಹೊಲಿಗೆ ಬಿಚ್ಚದ ಎರಡು ಚೀಲ, ಲಾಟ್ ನಂಬರ್ ಸಮೇತ, ನನ್ನ ಹತ್ತಿರ ಇವೆ. ಒಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ, ಇನ್ನೊಂದು ಆಹಾರ ಸುರಕ್ಷತಾ ಅಧಿಕಾರಿಗೆ. ಹದಿನಾರನೇ ದಿನದಿಂದ ನಿಮ್ಮ ಡೀಲರ್ ಅಂಗಡಿ ಮುಂದೆ ಈ ರಿಪೋರ್ಟ್ ಹಿಡಿದು ನಿಲ್ಲುತ್ತೇನೆ. ನಿಮ್ಮ ಚೀಲ ಎತ್ತುವ ಒಬ್ಬೊಬ್ಬರಿಗೂ ಓದಿ ಹೇಳುತ್ತೇನೆ. ಹತ್ತು ಓದಿದ್ದೇನೆ, ಅಷ್ಟು ಓದೋಕೆ ಬರುತ್ತೆ.

ಇಂತಿ,
ಎರಡು ವರ್ಷ ನಿಮ್ಮನ್ನು ನಂಬಿದ ಗ್ರಾಹಕ